ತಲೆಯಾಡಿಸಿದ ಬೆಳಿಗ್ಗೆ

ಗುಂಯ್ ಎಂದಿತು ಮತ್ತೆ, ಬೆಂಕಿಪೊಟ್ಟಣದಲ್ಲಿ ಕೂಡಿಹಾಕಿದ ಜೀರುಂಡೆಯಂತೆ ಡಬ್ಬಿಯೊಳಗೆ ಫೋನು ಒದ್ದಾಡಿ ಸುಮ್ಮನಾಯಿತು, ಮುಚ್ಚಳದ ಮೇಲೆ ಕೆಂಪು ಅಂಕಿಗಳು ಇಳಿಯುತ್ತಲೇ ಇವೆ, ಸೊನ್ನೆ ಬರುವ ತನಕ ಬ್ರಹ್ಮ ಬಂದರೂ ಈ ಡಬ್ಬಿ ಬಾಯಿ ಬಿಡುವುದಿಲ್ಲ, ಯಾರಿರಬಹುದು, ಚಪ್ಪಲಿ ಕಂಪನಿಯವನೇ ಇರಬೇಕು, ಹೋದ ತಿಂಗಳು ಎರಡೇ ನಕ್ಷತ್ರ ಕೊಟ್ಟಿದ್ದಕ್ಕೆ ಇನ್ನೂ ಬಯ್ದು ಮುಗಿದಿಲ್ಲ ಅವನಿಗೆ, ಅಥವಾ ಯಾರೂ ಅಲ್ಲ, ಬರೀ ಸಂದೇಶ, ಬರೀ ಕಸ – ನೋಡು, ಫೋನು ಕೈಯಲ್ಲಿದ್ದಿದ್ದರೆ ಒಂದು ಸಲ ಕಣ್ಣು ಹಾಯಿಸಿ ಬಿಟ್ಟುಬಿಡುತ್ತಿದ್ದ, ಬೀಗ ಹಾಕಿಟ್ಟ ಮೇಲೆ ಅದೊಂದನ್ನೇ ಧ್ಯಾನಿಸುತ್ತ ಕೂತಿದ್ದಾನೆ, ಇದನ್ನು ಗಮನ ಅನ್ನಬೇಕೋ ಗ್ರಹಚಾರ ಅನ್ನಬೇಕೋ, ಬರೆದುಕೋ, ಬೀಗದ ಡಬ್ಬಿ, ಎರಡು ನಕ್ಷತ್ರ, ಬೇಡ, ಎರಡೂವರೆ, ಮುಚ್ಚಳ ಗಟ್ಟಿಯಾಗಿದೆ. ಈ ಗ್ರಾಹಕರ ಮಾಸಪತ್ರಿಕೆಯ ಉದ್ದನೆಯ ಮೇಜಿನ ಮುಂದೆ ಕೂತು ಮಿಕ್ಸರಿಗೆ, ಹಾಸಿಗೆಗೆ, ಕೊಡೆಗೆ, ಹಲ್ಲುಜ್ಜುವ ಬ್ರಷ್ಷಿಗೆ ನಕ್ಷತ್ರ ಹಂಚುತ್ತಲೇ ತಲೆ ನರೆತವನು ಅವನು, ನಕ್ಷತ್ರದ ವ್ಯವಹಾರ ತಾನೇ ಎಂದು ಕಚೇರಿಯಲ್ಲಿ ಎಲ್ಲರೂ ಜೋಯಿಸರೇ ಎಂದೇ ಕರೆಯುತ್ತಾರೆ, ಕರೆಯಲಿ, ಮಿಕ್ಸರಾದರೆ ಕಾಳು ಹಾಕಿ ತಿರುಗಿಸಿದರೆ ಬಣ್ಣ ಬಯಲಾಗುತ್ತದೆ, ಕೊಡೆಯಾದರೆ ನಲ್ಲಿಯ ಕೆಳಗೆ ಹಿಡಿದರೆ ಸಾಕು, ಆದರೆ ಈ ಸಲ ಸಂಪಾದಕಿ ಮೇಡಂ ತಂದು ಸುರಿದದ್ದು ಗಮನ ಕಾಯುವ ಸಾಧನಗಳನ್ನು, ಓದುವವರಿಗೆ, ಬರೆಯುವವರಿಗೆ, ಕೆಲಸದ ಮಧ್ಯೆ ಮನಸ್ಸು ಹಾರಿಹೋಗುವವರಿಗೆ ಯಾವುದು ವಾಸಿ ಅಂತ ಹೋಲಿಸಿ ಬರೀರಿ ಜೋಯಿಸರೇ, ವಾರದೊಳಗೆ ಬೇಕು, ಮೊದಲ ಸಾಲು ಹಿಡಿದು ಕೂರಿಸೋ ಹಾಗಿರ್ಲಿ – ಗಮನವನ್ನು ಯಾವ ನಲ್ಲಿಯ ಕೆಳಗೆ ಹಿಡಿಯುವುದು ತಾಯಿ. ಅದೋ ಆ ಗಿಡದ ಆ್ಯಪು, ಫೋನು ಮುಟ್ಟದೆ ಇದ್ದರೆ ಪರದೆಯ ಮೇಲೆ ಒಂದು ಸಸಿ ಬೆಳೆಯುತ್ತದೆ, ಮುಟ್ಟಿದರೆ ಒಣಗಿ ಹೋಗುತ್ತದೆ, ಮೊದಲ ದಿನವೇ ಒಂದು ತೋಪನ್ನು ಒಣಗಿಸಿದ್ದ, ಬೇರೆ ಏನೂ ನೋಡಲಿಕ್ಕಲ್ಲ, ಸಸಿ ಹೇಗಿದೆಯೋ ಪಾಪ ಎಂದು ನೋಡಲು ಹೋಗಿ. ಕಂಪ್ಯೂಟರಿಗೆ ಹಾಕಿದ ಆ ಕಾವಲುಗಾರ ಪ್ರೋಗ್ರಾಮಂತೂ ಅತ್ತೆಗಿಂತ ಕಡೆ, ಸುದ್ದಿ ಓದಬೇಡ ಎಂದಿತು, ಸರಿ, ಹಾಡು ಬೇಡ ಎಂದಿತು, ಸರಿ, ಆಮೇಲೆ ನಿಘಂಟಿಗೂ ಬಾಗಿಲು ಹಾಕಿ ನೀವು ಮಾಡಬೇಕಾದ ಕೆಲಸಕ್ಕೆ ಮರಳಿ ಎಂದು ನೀತಿ ಹೇಳಿತು, ಅದೇ ನನ್ನ ಕೆಲಸ ಕಣೋ ಮುಠ್ಠಾಳ. ಇನ್ನು ಆ ಘನಾಕಾರದ ಗಡಿಯಾರ, ಮಗುಚಿಟ್ಟರೆ ಸಮಯ ಎಣಿಸುತ್ತದೆ, ಮುಗಿದಾಗ ಎಂಥ ಕಿರುಚಾಟವೆಂದರೆ ಪಕ್ಕದ ಮೇಜಿನಲ್ಲಿ ಇಸ್ತ್ರಿಪೆಟ್ಟಿಗೆ ಪರೀಕ್ಷಿಸುವ ಗೆಳೆಯ ಬೆಚ್ಚಿಬಿದ್ದು ಅಂಗಿಯೊಂದರ ತೋಳು ಸುಟ್ಟುಕೊಂಡಿದ್ದ, ಆ ಕಮಟು ಇನ್ನೂ ಹೋಗಿಲ್ಲ, ಒಂದು ನಕ್ಷತ್ರ, ಅದೂ ದಾಕ್ಷಿಣ್ಯಕ್ಕೆ. ಇದ್ದುದರಲ್ಲಿ ಪುಣ್ಯಾತ್ಮ ಎಂದರೆ ಆ ಇಯರ್‌ಬಡ್, ಬಟಾಣಿ ಕಾಳಿನಷ್ಟು, ಮೈಬಣ್ಣದ್ದು, ಎರಡೂ ಕಿವಿಯಲ್ಲಿಟ್ಟು ಒಮ್ಮೆ ಒತ್ತಿದರೆ ಲೋಕ ಬಂದ್, ಒಳಗೆ ಬರೀ ನೀರು ಬೀಳುವ ಸದ್ದು, ನಿನ್ನೆ ಬೆಳಿಗ್ಗೆ ಮನೆಯಲ್ಲೇ ಹಾಕಿಕೊಂಡು ನೋಡಿದ್ದ, ಅದಕ್ಕೆ ಐದಕ್ಕೆ ಐದೂ, ಎರಡು ಮಾತಿಲ್ಲ.

ಜೋಯಿಸರೇ, ನಿಮ್ಮ ಮನೆಯವ್ರು, ಎಂದ ಇಸ್ತ್ರಿಪೆಟ್ಟಿಗೆಯ ಗೆಳೆಯ, ಕಚೇರಿಯ ಫೋನನ್ನು ವೈರು ಎಳೆದಷ್ಟೂ ಎಳೆದು ಚಾಚುತ್ತ, ಇವಳಿಗೆ ಈ ನಂಬರ್ ಎಲ್ಲಿ ಸಿಕ್ಕಿತು, ಏನಾಯಿತು, ಗ್ಯಾಸ್ ಆರಿಸಿರಲಿಲ್ಲವೇ – ಎಷ್ಟು ಸಲ ಮಾಡೋದು ರೀ, ಫೋನ್ ಎತ್ತೋದೇ ಇಲ್ಲ ನೀವು. ಡಬ್ಬಿಯಲ್ಲಿದೆ, ಎಂದ. ಯಾವ ಡಬ್ಬಿ? ಅದು ಬಿಡು, ಏನಾಯ್ತು ಹೇಳು. ಕೊಟ್ಬಿಟ್ಟೆ ರೀ, ಎಂದಳು, ದನಿಯಲ್ಲಿ ನಗು, ಎಷ್ಟೋ ದಿನದಿಂದ ಕೇಳಿರದಂಥ ಹಗುರವಾದ ನಗು, ಹಿಂದೆ ರಸ್ತೆಯ ಸದ್ದು, ಹೊರಗೆ ನಿಂತು ಮಾಡುತ್ತಿದ್ದಾಳೆ, ಏನು ಕೊಟ್ಟೆ, ಎಂದ, ರಾಜೀನಾಮೆ, ಈಗಷ್ಟೇ, ಮೇಜಿನ ಮೇಲಿಟ್ಟು ಹೊರಗೆ ಬಂದ್ಬಿಟ್ಟೆ ನೋಡಿ. ಯಾವ ರಾಜೀನಾಮೆ ಎಂದು ಕೇಳಬೇಕಿತ್ತು, ಬಾಯಿ ತೆರೆದಿತ್ತು, ಅಷ್ಟರಲ್ಲಿ ಅವಳೇ – ನಿಮಗೆ ಹೇಳಿದ್ಮೇಲೆ ನಿನ್ನೆ ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ, ನೀವು ಏನೋ ಅಂತೀರಿ ಅಂತ ಹೆದರಿದ್ದೆ, ಬೇಡ ಅಂತೀರಿ, ಹಾಗೆ ಮಾಡು ಹೀಗೆ ಮಾಡು ಅಂತೀರಿ, ಒಂದು ಮಾತೂ ಆಡಲಿಲ್ಲ ನೀವು, ಇಷ್ಟು ವರ್ಷದಲ್ಲಿ ಮಧ್ಯ ಬಾಯಿ ಹಾಕದೆ ನನ್ನ ಮಾತು ಪೂರ್ತಿ ಕೇಳಿದ್ದು ಅದೇ ಮೊದಲು ರೀ, ಎಂದಳು, ಆಮೇಲೆ ದನಿ ತಗ್ಗಿಸಿ, ಆ ಫೋನಿನ ವಿಷಯ ಮಾತ್ರ ಯಾರ ಹತ್ರಾನೂ ಎತ್ತಬೇಡಿ, ನನ್ನ ತಂಗಿ ಹತ್ರಾನೂ, ಇನ್ನೊಂದ್ಸಲ ಹೇಳೋಕೆ ನನ್ನಿಂದ ಆಗಲ್ಲ, ಒಂದ್ಸಲ ಹೇಳಿದ್ದಕ್ಕೇ ಜೀವ ಹೋಗಿ ಬಂತು, ಗೊತ್ತಾಯ್ತಾ. ಹ್ಞೂ, ಎಂದ. ಹ್ಞೂ ಎಂದುಬಿಟ್ಟನಲ್ಲ, ಥತ್, ಬಾಯಲ್ಲಿ ಏನು ಕಡುಬು ತುರುಕಿಕೊಂಡಿದ್ದೆಯಾ, ಏನೇ ಅದು, ಯಾವ ಫೋನು, ಎಂದು ಕೇಳಲಿಕ್ಕೆ ಏನು ಧಾಡಿ, ಅವಳು ಇಟ್ಟಾಯಿತು, ಗೆಳೆಯ ಹುಬ್ಬೇರಿಸಿ, ಎಲ್ಲಾ ಆರಾಮಾ, ಆರಾಮು, ಹ್ಞೂ, ಆರಾಮು.

ಯಾವಾಗ ಹೇಳಿದಳು, ಎಲ್ಲಿ ಹೇಳಿದಳು, ಅವಳದು ನೀರು ಸರಬರಾಜು ಕಚೇರಿಯ ದೂರು ವಿಭಾಗ, ಬೆಳಿಗ್ಗೆಯಿಂದ ಸಂಜೆವರೆಗೆ ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಊರಿನವರ ಬೈಗುಳ ಕೇಳುವ ಕೆಲಸ, ನಲ್ಲಿ ಬಂದಿಲ್ಲ, ಪೈಪು ಒಡೆದಿದೆ, ನಿಮ್ಮ ಮನೆ ಹಾಳಾಗ, ದಯವಿಟ್ಟು ನಿಮ್ಮ ವಿಳಾಸ ಹೇಳಿ ಸರ್, ಮನೆಗೆ ಬಂದ ಮೇಲೆ ತನ್ನದೊಂದು ಮಾತು ಶುರು ಮಾಡಿದರೆ ಇವನು ಅರ್ಧಕ್ಕೇ ಪರಿಹಾರ ಹೇಳಿಬಿಡುತ್ತಾನೆ, ಮೇಲಿನವರಿಗೆ ಹೇಳು, ರಜೆ ಹಾಕು, ತಲೆಗೆ ಹಚ್ಕೋಬೇಡ, ಅವಳು ಸರಿ ಬಿಡಿ ಎಂದು ಎದ್ದುಹೋಗುತ್ತಾಳೆ, ಹಾಗೇ ನಡೆದುಬಂದಿದೆ ಸಂಸಾರ – ನಿನ್ನೆ ಎಂದಳು, ನಿನ್ನೆ ರಾತ್ರಿ ನಿದ್ದೆ ಬಂತು ಎಂದರೆ ಹೇಳಿದ್ದು ಹಗಲು, ಹಗಲಿಡೀ ಇಬ್ಬರೂ ಕೆಲಸದಲ್ಲಿ, ಸಂಜೆ ಬಂದವಳೇ ಉಂಡು ಮಲಗಿದ್ದಳು, ಹಾಗಾದರೆ ಬೆಳಿಗ್ಗೆ, ಬೆಳಿಗ್ಗೆ ಊಟದ ಮೇಜಿನ ಹತ್ತಿರ ಅವನು ಕೂತಿದ್ದ, ಎದುರಿಗೆ ಅವಳು ಕೂತು ಕಿತ್ತಳೆ ಸುಲಿಯುತ್ತಿದ್ದಳು, ಕಿವಿಯಲ್ಲಿ – ಅಯ್ಯೋ. ಅಯ್ಯಯ್ಯೋ ದೇವರೇ. ಕಿವಿಯಲ್ಲಿ ಆ ಸುಡುಗಾಡು ಬಟಾಣಿ, ಕೂದಲು ಬೇರೆ ಕಿವಿ ಮುಚ್ಚಿತ್ತು, ಕಟಿಂಗ್ ಮಾಡಿಸ್ಕೊಳ್ಳಿ ಅಂತ ಅವಳು ಹೇಳಿ ಹೇಳಿ ಸಾಕಾಗಿದ್ದಳು, ಮಾಡಿಸಿದ್ದರೆ ಕಾಣುತ್ತಿತ್ತು, ಕಂಡಿದ್ದರೆ ಅವಳು ಆಡುತ್ತಿರಲಿಲ್ಲ, ಆಡುತ್ತಿದ್ದಳು ಅವಳು, ಹೌದು, ತುಟಿ ಅಲುಗುತ್ತಿತ್ತು, ಅದು ಅವನಿಗೆ ಕಂಡಿತ್ತು, ಕಂಡೂ ಏನೆಂದುಕೊಂಡ, ತರಕಾರಿಯ ಮಾತಿರಬೇಕು, ಎದುರು ಮನೆಯ ನಾಯಿಯ ಮಾತಿರಬೇಕು, ಈ ಸಾಧನ ನಿಜಕ್ಕೂ ಕೆಲಸ ಮಾಡುತ್ತದೆ ನೋಡು, ಒಂದಕ್ಷರ ಕೇಳಿಸುತ್ತಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದ, ಅದೇ ಹೊತ್ತಿಗೆ ಲೇಖನದ ಮೊದಲ ಸಾಲು ಹೊಳೆಯಿತು, ಎಷ್ಟು ದಿನದಿಂದ ಬಾರದೆ ಕಾಡಿಸಿದ ಸಾಲು, ಸಾಲು ಚೆನ್ನಾಗಿದೆ ಎಂದು ತಲೆಯಾಡಿಸಿದ, ಇನ್ನೂ ಚೆನ್ನಾಗಿ ತಿದ್ದಿಕೊಂಡು ಮತ್ತೆ ತಲೆಯಾಡಿಸಿದ, ಅವಳು ತೊಳೆಯ ಮೇಲಿನ ಬಿಳಿ ನಾರನ್ನು ಒಂದೊಂದಾಗಿ ಎಳೆದು ತೆಗೆಯುತ್ತಿದ್ದಳು, ಎಳೆ ಎಳೆಯಾಗಿ, ಕಣ್ಣೆತ್ತದೆ, ತುಟಿ ಅಲುಗುತ್ತಲೇ ಇತ್ತು, ಕೊನೆಗೆ ಕಣ್ಣೆತ್ತಿ ನೋಡಿದಾಗ ಇವನು ನಕ್ಕನಂತೆ ಕಾಣುತ್ತದೆ, ನಕ್ಕಿದ್ದ, ಸಾಲಿಗೆ ನಕ್ಕಿದ್ದ.

ಇಯರ್‌ಬಡ್‌ಗೆ ಎಷ್ಟು ಹಾಕೋಣ, ಮೇಡಂ ಗಾಜಿನ ಕೋಣೆಯಿಂದ ಬಗ್ಗಿ ಕೇಳಿದರು, ಜೋಯಿಸರೇ, ನಿಮ್ಮನ್ನೇ, ಎಲ್ಲಿದ್ದೀರಿ – ಇಲ್ಲೇ ಇದ್ದೀನಿ ಮೇಡಂ, ಅದಕ್ಕೆ, ಅದಕ್ಕೆ ಏನೂ ಕೊಡಬೇಡಿ. ಏನೂ ಅಂದ್ರೆ? ಕೆಲಸ ಮಾಡಲ್ವಾ? ಮಾಡುತ್ತೆ, ಚೆನ್ನಾಗೇ ಮಾಡುತ್ತೆ, ಎಂದ, ಮೇಡಂ ಕನ್ನಡಕದ ಮೇಲಿಂದ ನೋಡಿದರು, ಸ್ವಲ್ಪ ಹೊರಗೆ ಹೋಗಿ ಮುಖ ತೊಳ್ಕೊಂಡು ಬನ್ನಿ, ಹೊರಗೆ ಹೋದವನು ವಾಪಸು ಬರಲಿಲ್ಲ, ಫೋನು ಡಬ್ಬಿಯಲ್ಲೇ ಉಳಿಯಿತು, ಉಳಿಯಲಿ, ಬಸ್ಸಿನಲ್ಲಿ ನಿಂತು ಜೋತುಬಿದ್ದು ಮಾತು ಜೋಡಿಸುತ್ತಾನೆ, ನೋಡು, ನಿನ್ನೆ ಏನಾಯ್ತು ಅಂದ್ರೆ, ಬೇಡ, ನಗಬೇಡ, ಒಂದು ತಮಾಷೆ ಆಯ್ತು, ಥೂ ತಮಾಷೆಯಂತೆ, ಹೇಳದೇ ಇದ್ದರೆ ಏನಾಗುತ್ತದೆ, ಅವಳಿಗೆ ನಿದ್ದೆ ಬಂದಿದೆ, ನಕ್ಕಿದ್ದಾಳೆ, ಕೇಳಿಸಿಕೊಂಡೆ ಎಂದುಕೊಂಡಿದ್ದಾಳೆ, ಒಂದು ಹ್ಞೂ ಹೇಗಿದ್ದರೂ ಆಗಿದೆ, ಅದರ ಮೇಲೆ ಇನ್ನೊಂದು ಹ್ಞೂ ಪೇರಿಸಿದರೆ ಸಾಯುವವರೆಗೆ ನಡೆಯುತ್ತದೆ, ಎಷ್ಟು ಮನೆಗಳು ನಡೆಯುತ್ತಿಲ್ಲ ಹಾಗೆ, ಹಿಂದಿನ ಸೀಟಿನಲ್ಲಿ ಯಾರದೋ ಫೋನು ಕಿರುಚುತ್ತಿದೆ, ಎತ್ತೋ ಮಾರಾಯ, ಆ ಫೋನಿನ ವಿಷಯ ಎಂದಳಲ್ಲ, ಏನಿದ್ದೀತು, ಕಚೇರಿಗೆ ಬಂದ ಕರೆ ತಾನೇ, ಯಾರೋ ಬೆದರಿಸಿದರೇ, ಯಾರೋ ಅತ್ತರೇ, ನೆನಪಿಸಿಕೋ, ತುಟಿ ಹೇಗೆ ಅಲುಗಿತು, ಒಮ್ಮೆ ಎರಡೂ ತುಟಿ ಒತ್ತಿ ಹಿಡಿದಿದ್ದಳು, ಪ ಇರಬಹುದು, ಬ ಇರಬಹುದು, ಮ ಇರಬಹುದು, ಪೈಪು, ಬಾವಿ, ಮಗು, ಅಳು ತಡೆದುಕೊಂಡದ್ದೂ ಇರಬಹುದು, ನಾರು ಎಳೆಯುತ್ತಿದ್ದ ಬೆರಳು ಅಲ್ಲಿ ನಿಂತಿತ್ತು, ಆಮೇಲೆ ಮತ್ತೆ ಎಳೆಯತೊಡಗಿತು.

ಬಾಗಿಲು ತೆರೆದೇ ಇತ್ತು, ಅವಳು ಕುರ್ಚಿಯ ಮೇಲೆ ಎರಡೂ ಕಾಲು ಮಡಚಿ ಕೂತಿದ್ದಳು, ಕೂದಲು ಬಿಚ್ಚಿತ್ತು, ಅದರಲ್ಲಿ ನೆತ್ತಿಯ ಅಡ್ಡಕ್ಕೆ ಹೆಡ್‌ಫೋನಿನ ಪಟ್ಟಿ ಒತ್ತಿ ಒತ್ತಿ ಬಿದ್ದ ತಗ್ಗು, ಇಷ್ಟು ವರ್ಷ ನೋಡಿಯೂ ಕಾಣದಿದ್ದದ್ದು ಇವತ್ತು ಕಂಡಿತು, ಇಷ್ಟು ಬೇಗ ಬಂದ್ರಾ, ಕೂತ್ಕೊಳ್ಳಿ, ಒಂದು ಕೇಳ್ತೀನಿ, ನಿಜ ಹೇಳಬೇಕು, ನಿನ್ನೆ ಕೇಳೋಕೆ ಧೈರ್ಯ ಬರಲಿಲ್ಲ. ಕೇಳು, ಎಂದ. ನಾನು ಮಾಡಿದ್ದು ತಪ್ಪಾ? ಕೆಲಸ ಬಿಟ್ಟಿದ್ದಲ್ಲ, ಅದು ನೀವು ಬೇಡ ಅಂದಿದ್ರೂ ಬಿಡ್ತಿದ್ದೆ, ಆವತ್ತು ಫೋನಿನಲ್ಲಿ ಮಾಡಿದ್ದು – ತಪ್ಪಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂದು ಕೂತಿತು, ಎಷ್ಟು ಸುಲಭದ ಮಾತು, ಮೂರಕ್ಷರ, ಅದನ್ನೇ ಕಾಯುತ್ತಿದ್ದಾಳೆ, ಕಣ್ಣು ಅಗಲಿಸಿಕೊಂಡು, ಅವಳು ಏನು ಮಾಡಿದಳೆಂದೇ ತಿಳಿಯದೆ ಕ್ಷಮಿಸಿಬಿಡಲೇ, ತಿಳಿಯದೆ ಕೊಟ್ಟ ತೀರ್ಪನ್ನು ಅವಳು ಎದೆಗೊತ್ತಿಕೊಂಡು ತಿರುಗಲೇ – ನನಗೆ ಕೇಳಿಸಲಿಲ್ಲ, ಎಂದ. ಏನು ಕೇಳಿಸಲಿಲ್ಲ, ಇನ್ನೊಂದ್ಸಲ ಹೇಳ್ತೀನಿ, ನಾನು ಮಾಡಿದ್ದು – ಈಗಿನ್ದಲ್ಲ, ನಿನ್ನೆದು, ನಿನ್ನೆ ಬೆಳಿಗ್ಗೆ, ಕಿವಿಯಲ್ಲಿ ಅದು ಇತ್ತು, ಪರೀಕ್ಷೆಗೆ ತಂದಿದ್ದೆ, ಸದ್ದು ಕೇಳಿಸದ ಹಾಗೆ ಮಾಡೋದು. ಅವಳು ಅವನ ಕಿವಿಯನ್ನು ನೋಡಿದಳು, ಒಂದು, ಆಮೇಲೆ ಇನ್ನೊಂದು, ಅಷ್ಟೂ ಹೊತ್ತಾ? ಅಷ್ಟೂ ಹೊತ್ತು. ಮಡಚಿದ ಕಾಲನ್ನು ಮೆಲ್ಲಗೆ ಕೆಳಗಿಳಿಸಿದಳು, ಮತ್ತೆ ತಲೆ ಯಾಕೆ ಆಡಿಸಿದ್ರಿ? ಒಂದು ಸಾಲು ಹೊಳೀತು, ಎಂದ, ಲೇಖನಕ್ಕೆ. ಯಾವ ಸಾಲು? ಬಿಡು ಅದನ್ನ. ಇಲ್ಲ, ಹೇಳಿ, ಕೇಳ್ತೀನಿ, ದನಿ ಏರಲಿಲ್ಲ, ದೂರು ವಿಭಾಗದ ದನಿ, ನಿಮ್ಮ ವಿಳಾಸ ಹೇಳಿ ಸರ್ ಎನ್ನುವ ದನಿ, ಹೇಳಿದ, ಹೇಳಲೇಬೇಕಾಯಿತು, ಲೋಕ ಕೂಗುತ್ತಲೇ ಇರುತ್ತದೆ, ಕೇಳಲೇಬೇಕೆಂದು ಯಾರು ಹೇಳಿದರು. ಚೆನ್ನಾಗಿದೆ, ಎಂದಳು ಅವಳು.

ಈಗ ಹೇಳು, ಎಂದ, ಈಗ ಏನೂ ಇಲ್ಲ ನೋಡು, ಕಿವಿ ಖಾಲಿ, ಫೋನೂ ಇಲ್ಲ, ಎಷ್ಟು ಹೊತ್ತಾದರೂ ಕೂರ್ತೀನಿ, ಒಂದು ಮಾತೂ ಆಡಲ್ಲ, ಹೇಳೇ, ಎಂದು ಅಂಗಲಾಚಿದ, ಅವಳು ಎದ್ದಳು, ಕುರ್ಚಿಯನ್ನು ಮೇಜಿನೊಳಕ್ಕೆ ಸರಿಸಿದಳು, ನಿಮಗೇ ಹೇಳಿದ್ದೆ ರೀ, ಎಂದಳು, ಅಷ್ಟೇ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ದಡಾರನೆ ಹಾಕಿದ್ದರೆ ಜೀವಕ್ಕೆ ಸಮಾಧಾನವಾಗುತ್ತಿತ್ತು, ಮೆಲ್ಲಗೆ ಹಾಕಿದಳು, ಚಿಲಕದ ಸದ್ದೂ ಬರದಂತೆ. ಕೂತಿದ್ದಾನೆ, ಬೀದಿಯಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದಾರೆ, ಮೇಲಿನ ಮನೆಯಲ್ಲಿ ಮಂಚ ಎಳೆಯುತ್ತಿದ್ದಾರೆ, ಎದುರು ಮನೆಯ ನಾಯಿ ಬೊಗಳುತ್ತಿದೆ, ಬೊಗಳಲಿ, ಎಲ್ಲ ಕೇಳಿಸುತ್ತಿದೆ, ಬೇಕಾದ ಆ ಒಂದು ಬಿಟ್ಟು, ಯೋಚಿಸು, ಮೊದಲು ಸಿಪ್ಪೆ ತೆಗೆದಳು, ಆಮೇಲೆ ಬಾಯಿ ತೆರೆದಳು, ಏನೋ ಹೇಳಿದಳು, ಚಿಕ್ಕ ಮಾತು, ಆಮೇಲೆ ಉದ್ದದ್ದು, ನಾರು ಎಳೆದಳು, ತುಟಿ ಒತ್ತಿ ಹಿಡಿದಳು, ಬೆರಳು ನಿಂತಿತು, ಪ ಇರಬಹುದು, ಮ ಇರಬಹುದು, ಮತ್ತೆ ಎಳೆದಳು, ಒಂದು ತೊಳೆಯನ್ನು ಅವನ ಅಂಗೈಗಿಟ್ಟಳು, ಅವನು ತಿಂದ, ಸಿಹಿಯಿತ್ತು, ತಲೆಯಾಡಿಸಿದ – ಇಲ್ಲ, ಮೊದಲಿನಿಂದ, ಸಿಪ್ಪೆ ತೆಗೆದಳು, ತುಟಿ ಅಲುಗಿತು, ನಾರು, ತುಟಿ, ಬೆರಳು ನಿಂತಿತು, ತುಟಿ ಒತ್ತಿ – ತುಟಿ – ಬಿಳಿಯ ಒಂದು ನಾರು ಅವಳ ಎರಡು ಬೆರಳ ನಡುವೆ, ಉದ್ದಕ್ಕೆ, ಹರಿಯದೆ, ಮತ್ತು ತುಟಿ