ನಿಹಾರಿಕಾಳಿಗೆ ತಕ್ಕ ಗಾಡಿ

ನಿರ್ಮಲಮ್ಮ ಮೈಸೂರಿನಿಂದ ತಿರುವನಂತಪುರಕ್ಕೆ ಬಂದದ್ದು ಮಗಳ ಬಾಣಂತನಕ್ಕೆ. ಮೊಮ್ಮಗಳು ನಿಹಾರಿಕಾಳಿಗೆ ಎರಡೂವರೆ ತಿಂಗಳು ತುಂಬುವಷ್ಟರಲ್ಲಿ ಅವರ ಎಡ ಮಣಿಕಟ್ಟು ಊದಿಕೊಂಡಿತ್ತು. ಪಟ್ಟಂ ಬಡಾವಣೆಯ ಮಗಳ ಫ್ಲ್ಯಾಟಿಗೆ ಲಿಫ್ಟ್ ಇಲ್ಲ, ಮನೆ ಇರುವುದು ಎರಡನೇ ಮಹಡಿಯಲ್ಲಿ. ಮಗಳು ಮಂದಾಕಿನಿಗೆ ಆಪರೇಷನ್ ಆಗಿ ಹೆರಿಗೆಯಾದದ್ದು, ಬಗ್ಗಿ ಎದ್ದರೆ ಇನ್ನೂ ನೋವು. ಲಸಿಕೆಗೆ, ತೂಕ ನೋಡಿಸುವುದಕ್ಕೆ, ಸಂಜೆಯ ಗಾಳಿಗೆ, ಎಲ್ಲಕ್ಕೂ ಅಜ್ಜಿಯ ಕಂಕುಳೇ ಗಾಡಿ.

ನಿಜವಾದ ಗಾಡಿ ಮನೆಯಲ್ಲಿ ಇರಲಿಲ್ಲವೆಂದಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬಂತೆ ಅಳಿಯ ವಿನಾಯಕ್ ಅದನ್ನು ಏಳನೇ ತಿಂಗಳಲ್ಲೇ ತಂದಿಟ್ಟಿದ್ದ. ಅವನಿಗೆ ಕೆಲಸ ಬಾಹ್ಯಾಕಾಶ ಕೇಂದ್ರದಲ್ಲಿ. ರಾಕೆಟ್ಟಿನ ಭಾಗಗಳ ತೂಕದಲ್ಲಿ ಒಂದೊಂದು ಗ್ರಾಮನ್ನೂ ಉಳಿಸುವವನು, ಮಗುವಿನ ಗಾಡಿಯಲ್ಲೂ ಗ್ರಾಮು ಎಣಿಸದೆ ಬಿಟ್ಟಾನೆಯೇ. ಹನ್ನೊಂದು ಗಾಡಿಗಳನ್ನು ಹೋಲಿಸಿ ನೋಡಿ, ಎಲ್ಲಕ್ಕಿಂತ ಹಗುರವಾದದ್ದನ್ನು ಆರಿಸಿದ್ದ.

"ನಾಲ್ಕೂ ಮುಕ್ಕಾಲು ಕೆಜಿ ಅತ್ತೆ. ಒಂದೇ ಕೈಯಲ್ಲಿ ಎತ್ತಬಹುದು, ಛತ್ರಿ ತರ ಮಡಚಿಕೊಳ್ಳತ್ತೆ," ಎಂದು ಅತ್ತೆ ಬಂದ ದಿನವೇ ತೋರಿಸಿದ್ದ.

"ಕೈ ಗಟ್ಟಿ ಇರೋವಾಗ ಗಾಡಿ ಯಾಕೆ ವಿನಾಯಕ್? ನಾಲ್ಕು ಜನ ನೋಡಿ ದೃಷ್ಟಿ ಹಾಕಲಿ ಅಂತಾನಾ?" ಎಂದು ನಿರ್ಮಲಮ್ಮ ಅದನ್ನು ಮಂಚದ ಕೆಳಗೆ ತಳ್ಳಿದ್ದರು. ಮಣಿಕಟ್ಟು ಊದಿದ ಮೇಲೆ ಅವರೇ ಎಳೆದು ತೆಗೆದರು.

ಆ ಶನಿವಾರ ಎಲ್ಲರೂ ರೈಲು ಹತ್ತಿ ಕೊಚ್ಚಿಗೆ ಹೋದರು. ನಿರ್ಮಲಮ್ಮನ ಅಕ್ಕನ ಮಗಳು ಪಾವನಾ ಅಲ್ಲಿ ವೈಟ್ಟಿಲದಲ್ಲಿದ್ದಾಳೆ. ಆಸ್ಪತ್ರೆಯೊಂದರ ಎಳೆಗೂಸುಗಳ ವಾರ್ಡಿನಲ್ಲಿ ನರ್ಸ್. ಡ್ಯೂಟಿ ಮುಗಿಸಿ ನೇರ ಫೋರ್ಟ್ ಕೊಚ್ಚಿಗೆ ಬರುತ್ತೇನೆ, ಅಲ್ಲೇ ಸಿಗೋಣ ಎಂದಿದ್ದಳು.

ಮಧ್ಯಾಹ್ನ ಮೂರೂವರೆಗೆ ಸಮುದ್ರದ ದಂಡೆಯಲ್ಲಿ ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಮಗುವನ್ನು ಗಾಡಿಯಲ್ಲಿ ಕೂರಿಸಿದ್ದಾಯಿತು. ಗಾಡಿಯ ಬಳಿ ಬಗ್ಗಿ "ಹೌ ಕ್ಯೂಟ್" ಎಂದ ಮೊದಲನೇ ಪ್ರವಾಸಿಯನ್ನು ಕಂಡದ್ದೇ ತಡ, ನಿರ್ಮಲಮ್ಮ ಚೀಲದಿಂದ ತಮ್ಮ ಹಳೆಯ ಹತ್ತಿ ಸೀರೆಯ ತುಂಡು ತೆಗೆದು ಗಾಡಿಯ ಮೇಲಿಂದ ಕೆಳಗಿನವರೆಗೂ ಹೊದಿಸಿದರು. ಬಿಸಿಲೂ ಬೀಳುವುದಿಲ್ಲ, ಕಣ್ಣೂ ಬೀಳುವುದಿಲ್ಲ. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಅವರಿಗೆ ಒಳಗೊಳಗೇ ಹೆಮ್ಮೆ.

ಅವರು ಚೀನೀ ಮೀನುಬಲೆಗಳ ಎದುರು ನಿಂತರು. ನಾಲ್ಕಾಳು ಹಗ್ಗ ಜಗ್ಗಿದರೆ ಮನೆಯಷ್ಟು ದೊಡ್ಡ ಬಲೆ ನೀರಿನಿಂದ ಮೆಲ್ಲನೆ ಮೇಲೇಳುತ್ತಿತ್ತು. ನಿರ್ಮಲಮ್ಮ ಬಾಯಿ ತೆರೆದುಕೊಂಡೇ ನೋಡಿದರು. ಇಷ್ಟು ದೊಡ್ಡದನ್ನು ಇಷ್ಟು ನಾಜೂಕಾಗಿ ಎತ್ತುತ್ತಾರಲ್ಲ ಎಂದು ಮೂರು ಸಲ ಹೇಳಿದರು. ಎಳನೀರು ಮಾರುವ ಹೆಂಗಸು ಗಾಡಿಯ ಕಡೆ ಬೆರಳು ತೋರಿಸಿ, "ವಾವ ಎವಿಡೆ ಅಮ್ಮೇ?" ಎಂದು ಮಲಯಾಳದಲ್ಲಿ ಮಗು ಎಲ್ಲೆಂದು ಕೇಳಿದಳು. ನಿರ್ಮಲಮ್ಮ ಎರಡೂ ಕೈ ಜೋಡಿಸಿ ಕೆನ್ನೆಗಿಟ್ಟು, ಮಲಗಿದೆ ಎಂದು ತೋರಿಸಿದರು.

ಅಷ್ಟರಲ್ಲಿ ಪಾವನಾ ಬಂದಳು.

"ಚಿಕ್ಕಮ್ಮ, ಎಲ್ಲಿ ಪುಟ್ಟಿ?"

"ಮಲಗಿದಾಳೆ ಕಣೆ. ಮುಕ್ಕಾಲು ಗಂಟೆ ಆಯ್ತು, ಒಂದು ಸದ್ದಿಲ್ಲ. ಈ ಗಾಡಿ ಅವಳಿಗೆ ಒಗ್ಗಿಹೋಗಿದೆ."

ಪಾವನಾಳ ನಗು ಅಲ್ಲೇ ನಿಂತಿತು. ಅವಳು ಥಟ್ಟನೆ ಬಟ್ಟೆ ಸರಿಸಿದಳು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಬಿಸಿ ಹಬೆ ನಿರ್ಮಲಮ್ಮನ ಮುಖಕ್ಕೆ ಹೊಡೆಯಿತು. ಒಳಗೆ ನಿಹಾರಿಕಾ ಕುಸಿದು ಕುಳಿತಿದ್ದಳು. ಮುಖ ಕೆಂಪು, ಕೂದಲು ತೊಯ್ದು ಹಣೆಗೆ ಅಂಟಿತ್ತು. ಗಲ್ಲ ಎದೆಗೆ ಒತ್ತಿಕೊಂಡಿತ್ತು. ಒಂದೊಂದು ಉಸಿರಿಗೂ ಗೊರ್ ಎಂಬ ಸಣ್ಣ ಸದ್ದು ಬರುತ್ತಿತ್ತು, ಬಟ್ಟೆಯ ಹೊರಗೆ ಯಾರಿಗೂ ಕೇಳದಷ್ಟು ಸಣ್ಣ ಸದ್ದು.

ಪಾವನಾ ಬೆಲ್ಟ್ ಬಿಚ್ಚಿ, ಮಗುವನ್ನು ಎತ್ತಿ, ಕತ್ತು ನೇರವಾಗುವಂತೆ ತನ್ನ ಮುಂಗೈ ಮೇಲೆ ಮಲಗಿಸಿಕೊಂಡಳು. ಮರದ ನೆರಳಿಗೆ ನಡೆದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಮಗು ಉದ್ದಕ್ಕೆ ಉಸಿರೆಳೆದು ಗಟ್ಟಿಯಾಗಿ ಅತ್ತಿತು. ನಿರ್ಮಲಮ್ಮ ಎರಡು ಹೆತ್ತವರು, ಐದು ಬಾಣಂತನ ಮಾಡಿದವರು. ಮಗುವಿನ ಅಳು ಇಷ್ಟು ಇಂಪಾಗಿರುತ್ತದೆಂದು ಅವರಿಗೆ ಅಂದೇ ಗೊತ್ತಾದದ್ದು.

ಮಂದಾಕಿನಿ ಹಾಲು ಕುಡಿಸಿದಳು. ಕೆಂಪು ಇಳಿಯಿತು. ಆದರೂ ಪಾವನಾ ಬಿಡದೆ ಎಲ್ಲರನ್ನೂ ಹತ್ತಿರದ ಮಕ್ಕಳ ಡಾಕ್ಟರ ಬಳಿ ಕರೆದೊಯ್ದಳು. ಮಗು ಚೆನ್ನಾಗಿದೆ ಎಂದು ಅವರು ಹೇಳಿದ ಮೇಲೆ ವಿನಾಯಕ್ ಗಾಡಿಯನ್ನು ಮುಂದಕ್ಕೆ ತಳ್ಳಿದ.

"ಏನಾಗಿತ್ತು ಪಾವನಾ? ಗಾಡಿ ಒಳ್ಳೇದೇ ತಗೊಂಡಿದ್ನಲ್ಲ."

ಪಾವನಾ ಗಾಡಿಯನ್ನು ತಲೆಕೆಳಗು ಮಾಡಿ, ಸೀಟಿನಡಿಯ ಚೀಟಿ ತೋರಿಸಿದಳು. ಆರು ತಿಂಗಳ ಮೇಲ್ಪಟ್ಟ ಮಗುವಿಗೆ ಎಂದು ಅದರಲ್ಲಿ ಬರೆದಿತ್ತು. ತೂಕ, ಚಕ್ರ, ಮಡಚುವ ಅಳತೆ ಎಲ್ಲವನ್ನೂ ಓದಿದ್ದ ವಿನಾಯಕ್ ಆ ಒಂದು ಸಾಲು ಓದಿರಲಿಲ್ಲ.

"ಓದಿ ಓದಿ ಮರುಳಾದ ಕೂಚುಭಟ್ಟ ನಾನು," ಎಂದ.

"ನಿಮ್ಮೊಬ್ಬರದೇ ತಪ್ಪಲ್ಲ ಬಿಡಿ," ಎಂದಳು ಪಾವನಾ. "ಚಿಕ್ಕಮ್ಮ, ನಿಮ್ಮ ಗಲ್ಲಾನ ಎದೆಗೆ ಒತ್ತಿಕೊಂಡು ಉಸಿರಾಡಿ ನೋಡಿ."

ನಿರ್ಮಲಮ್ಮ ಹಾಗೆ ಮಾಡಿದರು. ನಾಲ್ಕು ಉಸಿರಿಗೆ ಸಾಕಾಯಿತು.

"ನೀವು ತಲೆ ಎತ್ತಿದ್ರಿ. ಅವಳಿಗೆ ಎತ್ತಕ್ಕೆ ಬರಲ್ಲ. ಎಳನೀರು ಕುಡಿಯೋ ಸ್ಟ್ರಾ ಇದೆಯಲ್ಲ, ಅವಳ ಉಸಿರಿನ ದಾರಿ ಹೆಚ್ಚುಕಮ್ಮಿ ಅಷ್ಟೇ ದಪ್ಪ. ಮೆತ್ತಗೆ ಬೇರೆ. ಕತ್ತು ಬಗ್ಗಿದ್ರೆ ಮಡಚಿಕೊಳ್ಳತ್ತೆ."

ನಿರ್ಮಲಮ್ಮ ಮೊಮ್ಮಗಳನ್ನು ನೋಡಿದರು. ನಿದ್ದೆಯಲ್ಲಿ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಇಷ್ಟು ಸಣ್ಣ ದಾರಿಯಲ್ಲಿ ಒಂದಿಡೀ ಜೀವ ಹೋಗಿಬರುತ್ತಿದೆ, ಹಗಲೂ ರಾತ್ರಿ, ಯಾರೂ ಹೇಳಿಕೊಡದೆ. ಎರಡೂವರೆ ತಿಂಗಳಿಂದ ಎತ್ತಿ ಆಡಿಸಿದರೂ ತಾನು ಇದನ್ನು ನೋಡಿಯೇ ಇರಲಿಲ್ಲವಲ್ಲ ಎಂದುಕೊಂಡರು. ಕಣ್ಣು ತುಂಬಿತು.

"ಬಟ್ಟೆ ಹೊದಿಸಿದ್ದು ನಾನು," ಎಂದರು. "ತೆಳು ಹತ್ತಿ ಬಟ್ಟೆ ತಾನೇ ಅಂದ್ಕೊಂಡೆ."

"ತೆಳು ಬಟ್ಟೆ ಮುಚ್ಚಿದ್ರೂ ಗಾಳಿ ಆಡಲ್ಲ ಚಿಕ್ಕಮ್ಮ, ಒಳಗೆ ಕುದಿಯತ್ತೆ. ಮುಖಾನೂ ಕಾಣಲ್ಲ. ಗಾಡಿಯ ಕೊಡೆ ಬಿಚ್ಚಿ, ನೆರಳಲ್ಲಿ ತಳ್ಳಿ. ದೃಷ್ಟಿಗೆ ಕಪ್ಪು ಬೊಟ್ಟು ಇಡಿ, ಬೇಡ ಅನ್ನೋರ್ಯಾರು?"

ಆ ರಾತ್ರಿ ಎಲ್ಲರೂ ಪಾವನಾಳ ಮನೆಯಲ್ಲೇ ಉಳಿದರು. ಮರುದಿನ ಅವಳು ಅವರನ್ನು ತನ್ನ ಎದುರು ಮನೆಯ ಇರ್ಫಾನ್ ಬಳಿ ಕರೆದೊಯ್ದಳು. ಇರ್ಫಾನ್ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಶಿವಮೊಗ್ಗದ ಹುಡುಗ. ಅವನ ಮಗ ಈಗ ಓಡುತ್ತಾನೆ, ಅವನು ಕೂಸಾಗಿದ್ದಾಗಿನ ಗಾಡಿ ಮಾರುವುದಕ್ಕೆಂದು ಬಾಲ್ಕನಿಯಲ್ಲಿ ಸುಮ್ಮನೆ ಕೂತಿತ್ತು.

"ಎಂಟು ಕೆಜಿ ಇದೆ," ಎಂದು ವಿನಾಯಕ್ ಮೊದಲು ತೂಕವನ್ನೇ ಹೇಳಿದ.

"ತೂಕ ಆಮೇಲೆ. ಬೆನ್ನು ನೋಡಿ," ಎಂದಳು ಪಾವನಾ. ಒರಗುವ ಭಾಗವನ್ನು ಹಿಂದಕ್ಕೆ ಬಿಟ್ಟರೆ ಅದು ಹಾಸಿಗೆಯಂತೆ ಪೂರ್ತಿ ಮಟ್ಟವಾಯಿತು. ಎರಡು ಭುಜಕ್ಕೆ, ಎರಡು ಸೊಂಟಕ್ಕೆ, ಕಾಲುಗಳ ನಡುವೆ ಒಂದು, ಹೀಗೆ ಐದು ಕಡೆ ಬೆಲ್ಟ್. ಪಾವನಾ ಒಂದೊಂದನ್ನೂ ಜಗ್ಗಿ ನೋಡಿದಳು, ಕೊಂಡಿ ಹಾಕಿ ತೆಗೆದಳು. ಐದು ಕೆಜಿ ಅಕ್ಕಿಯ ಚೀಲವನ್ನು ಮಗುವಿನ ಜಾಗದಲ್ಲಿ ಮಲಗಿಸಿ, ಕೆಳಗೆ ಪಾರ್ಕಿಂಗಿನ ಇಳಿಜಾರಿನಲ್ಲಿ ಬ್ರೇಕ್ ಹಾಕಿ ಕೈಬಿಟ್ಟಳು. ಗಾಡಿ ಕದಲಲಿಲ್ಲ.

ನಿರ್ಮಲಮ್ಮನಿಗೂ ಧೈರ್ಯ ಬಂತು. ಗಾಡಿಯನ್ನು ಸಮನೆಲಕ್ಕೆ ತಂದಾಗ, "ಹಿಡಿ ಒಳ್ಳೇ ಎತ್ತರದಲ್ಲಿದೆ, ತರಕಾರಿ ಚೀಲ ತಗಲಾಕ್ಬಹುದು," ಎಂದು ಬೆಳಿಗ್ಗೆ ಕೊಂಡಿದ್ದ ಎರಡು ತೆಂಗಿನಕಾಯಿ, ಒಂದು ಕುಂಬಳಕಾಯಿ ಇದ್ದ ಚೀಲವನ್ನು ಹಿಡಿಗೆ ಸಿಕ್ಕಿಸಿದರು. ಗಾಡಿ ಮುಂದಿನ ಚಕ್ರ ಎತ್ತಿ ಹಿಂದಕ್ಕೆ ಮಗುಚಿತು. ಅಕ್ಕಿ ಚೀಲ ಬೆಲ್ಟಿನಲ್ಲಿ ನೇತಾಡಿತು, ಕುಂಬಳಕಾಯಿ ಗೇಟಿನವರೆಗೂ ಉರುಳಿತು.

ಯಾರೂ ನಗಲಿಲ್ಲ. ಅಕ್ಕಿ ಚೀಲದ ಜಾಗದಲ್ಲಿ ಎಲ್ಲರಿಗೂ ನಿಹಾರಿಕಾಳೇ ಕಂಡಿದ್ದಳು.

"ಭಾರ ಏನಿದ್ರೂ ಕೆಳಗಿನ ಬುಟ್ಟಿಗೆ," ಎಂದ ಇರ್ಫಾನ್, ಕುಂಬಳಕಾಯಿ ಎತ್ತಿ ತರುತ್ತಾ. "ನಮ್ಮನೇಲೂ ಒಂದು ಸಲ ಹೀಗೇ ಆಗಿತ್ತು ಆಂಟಿ. ಪುಣ್ಯಕ್ಕೆ ಮಗ ಒಳಗೆ ಇರ್ಲಿಲ್ಲ."

ವಿನಾಯಕ್ ಗಾಡಿಯನ್ನು ಮಡಚಿ ಎರಡು ಮಹಡಿ ಹತ್ತಿ ಇಳಿದ. ಆಟೋದ ಸೀಟಿನ ಹಿಂದೆ ಇಟ್ಟು ನೋಡಿದ, ಹಿಡಿಸಿತು. ಹೊಸದರ ಕಾಲು ಭಾಗದಷ್ಟೂ ಬೆಲೆ ಆಗಲಿಲ್ಲ. ಹಗುರದ ಗಾಡಿಯೂ ವ್ಯರ್ಥವಲ್ಲ, ಮಗು ಚೆನ್ನಾಗಿ ಕೂರಲು ಕಲಿತ ಮೇಲೆ ಅದಕ್ಕೆ ಕೆಲಸವಿದೆ.

ಈಗ ದಿನಾ ಬೆಳಿಗ್ಗೆ ಪಟ್ಟಂನ ಒಳರಸ್ತೆಯಲ್ಲಿ ನಿರ್ಮಲಮ್ಮ ಗಾಡಿ ತಳ್ಳುತ್ತಾರೆ. ನಿಹಾರಿಕಾ ಅಂಗಾತ ಮಲಗಿ ಹಲಸಿನ ಮರದ ಎಲೆಗಳನ್ನು ನೋಡುತ್ತಾಳೆ. ಎಲೆ ಅಲುಗಿದರೆ ಅವಳ ಕಣ್ಣೂ ಅಲುಗುತ್ತದೆ. ಜಗತ್ತನ್ನು ಯಾರೋ ಮೊದಲ ಸಲ ನೋಡುತ್ತಿರುವುದನ್ನು ಹತ್ತಿರ ನಿಂತು ನೋಡುವ ಭಾಗ್ಯಕ್ಕೆ ಅಜ್ಜಿಗೆ ದಿನವೂ ಬೆರಗು. ಹತ್ತು ಹೆಜ್ಜೆಗೊಮ್ಮೆ ಅವರು ಗಾಡಿ ನಿಲ್ಲಿಸಿ ಬಗ್ಗುತ್ತಾರೆ. ಎಳೆಯ ಎದೆ ಏರುವುದನ್ನು, ಇಳಿಯುವುದನ್ನು ನೋಡಿ ಮುಂದೆ ಹೋಗುತ್ತಾರೆ.

ಅಮ್ಮಂದಿರೇ, ಅಪ್ಪಂದಿರೇ, ಅಜ್ಜಿ ತಾತಂದಿರೇ, ನಿಮ್ಮ ಮನೆಗೂ ಹೊಸ ಮಗು ಬಂದಿದೆಯೆ? ಗಾಡಿ ಹೊಸದೇ ಆಗಬೇಕಿಲ್ಲ, ದುಬಾರಿಯೂ ಆಗಬೇಕಿಲ್ಲ. ಎಷ್ಟು ತಿಂಗಳ ಮಗುವಿಗೆ ಎಂಬ ಸಾಲನ್ನು ಮೊದಲು ಓದಿ. ಎಳೆಗೂಸನ್ನು ಮಟ್ಟಸವಾಗಿ ಮಲಗಿಸುವ ಗಾಡಿಯನ್ನೇ ಆರಿಸಿ, ಬೆಲ್ಟೂ ಬ್ರೇಕೂ ಎಳೆದು ಪರೀಕ್ಷಿಸಿ, ನಿಮ್ಮ ಮೆಟ್ಟಿಲು ಹತ್ತಿಸಿ ನೋಡಿ. ಮೇಲೆ ಬಟ್ಟೆ ಮುಚ್ಚಬೇಡಿ, ಹಿಡಿಗೆ ಚೀಲ ತೂಗಬೇಡಿ. ಅಳುವ ಮಗುವನ್ನು ಊರೆಲ್ಲ ತಿರುಗಿ ನೋಡುತ್ತದೆ. ಸುಮ್ಮನಿರುವ ಮಗುವನ್ನು ನೀವು ನೋಡಿ.