ಕರೆಂಟ್ ಹೋದಾಗ ಕೇಳಿದ ಹಾಡು

ಬಂತು, ರಬಕವಿ ಬಂತು, ಬೋರ್ಡ್ ನೋಡೂದ ಬ್ಯಾಡ, ಹುಬ್ಬಳ್ಳಿ ಬಸ್ಸಿನ ಕಿಟಕ್ಯಾಗಿಂದ ಖಟಖಟ ಖಟಖಟ ಅಂತ ಮಗ್ಗದ ಸಪ್ಪಳ ಬಂದ್ರ ಊರ ಬಂದಂಗ, ಬನಹಟ್ಟಿ ಇನ್ನೇನ ಹತ್ತ ನಿಮಿಷ, ಕಿವ್ಯಾಗಿನ ಇಯರ್‌ಫೋನ್ ಕಿತ್ತೆ, ಏಳನೇ ಹಾಡು ಅರ್ಧಕ್ಕ ನಿಂತ್ತು, ಎಷ್ಟ ಸಲ ಹಚ್ಚಿದ್ರೂ ಅಲ್ಲೇ ಕೀಳತೇನಿ — ನಾಲ್ಕ ಗಂಟೆದೊಳಗ ಹೇಳ್ರಿ ಅಂದಾನ ಈಶ್ವರ, ಹುಬ್ಬಳ್ಳ್ಯಾಗ ನನ್ನ ಹಾಡು ರೆಕಾರ್ಡ್ ಮಾಡಾವ, ಹೂಂ ಅಂದ್ರ ಏಳೂ ಹಾಡಿನ ಆಲ್ಬಮ್ ಇವತ್ತ ಊರಿಗೆಲ್ಲಾ ಬಿಡೂದು, ಊಹೂಂ ಅಂದ್ರ ಆರಕ್ಕ ಮುಗಸೂದು, ಈಗ ಹನ್ನೆರಡೂವರಿ. ಆರ ಹಾಡಿಗೆ ಯಾರದೂ ತಕರಾರಿಲ್ಲ, ಮುತ್ತಜ್ಜ ತೇರದಾಳದಿಂದ ಮಗ್ಗ ಹೊತ್ಕೊಂಡ ಬಂದದ್ದು, ಮುತ್ಯಾ, ನಮ್ಮಪ್ಪನ ಅಪ್ಪ, ಮದಲ ಪಾವರ್‌ಲೂಮ್ ತಂದ ದಿನಾ ಓಣಿಗೆಲ್ಲಾ ಪೇಡೆ ಹಂಚಿದ್ದು, ಮುರಗೆಪ್ಪ ಕಾಕಾ ಅವನ್ನ ಫೋನಿನ್ಯಾಗ ಹಚ್ಚಿ ಬಂದ ಬಂದವರಿಗೆ ಕೇಳಸತಾನ, ನಮ್ಮ ಅಣ್ಣನ ಮಗಳ್ರೀ, ಅಕ್ಷತಾ, ಜಮಖಂಡಿ ಸಾಲ್ಯಾಗ ಸಂಗೀತ ಕಲಸ್ತಾಳ, ತಾನ ಬರದ ತಾನ ಹಾಡ್ತಾಳ್ರೀ — ಏಳನೇದು ಅಂದ ಕೂಡ್ಲೇ ಮಾರಿ ಗಂಟ ಹಾಕ್ಕೋತಾನ, ಹೋದಾಕಿ ಹೋದ್ಲು ಅಕ್ಷೀ, ಮನಿ ಮಾತ ಮನ್ಯಾಗ ಇರ್ಲಿ, ಆಡೋರ ಬಾಯಿಗೆ ಬೀಗ ಹಾಕಾಕ ಆಗ್ತೈತೇನ. ಹೋದಾಕಿ ಅಂದ್ರ ಅನಸವ್ವ, ನಮ್ಮಪ್ಪನ ಅಕ್ಕ, ಹತ್ತೊಂಬತ್ತ ವರ್ಷದಾಕಿ, ನಾಟಕ ಕಂಪನಿ ಪೇಟಿ ಬಾರಸಾವನ ಸಂಗಾಟ ಹೋಗಿಬಿಟ್ಲು, ನಾ ಹುಟ್ಟೂಕಿಂತ ಮದಲ, ಮುತ್ಯಾ ತಲಿಮ್ಯಾಲೆ ನೀರ ಹಾಕ್ಕೊಂಡ, ನನ್ನ ಮಗಳು ಸತ್ಲು, ಇನ್ನ ಈ ಮನ್ಯಾಗ ಆಕಿ ಹೆಸರ ಯಾರ ಬಾಯಾಗೂ ಬರಬಾರ್ದು ಅಂದ. ಬರ್ಲಿಲ್ಲ. ಒಬ್ಬಾಕಿ ಬಾಯಾಗ ಬಿಟ್ಟು.

ಆಯಿ, ನಮ್ಮಪ್ಪನ ಅವ್ವ, ಗುರುಬಸವ್ವ, ಮಗ್ಗದ ಮುಂದ ನಿಂತಿರ್ತಿದ್ಲು, ನಾಕು ಮಗ್ಗ ಒಮ್ಮೆಲೆ ಹೊಡದ್ರ ಪಕ್ಕದಾಗ ನಿಂತಾವನ ಮಾತ ಕೇಳೂದಿಲ್ಲ, ನಾ ಮೂಲ್ಯಾಗ ಕುಂತ ಲಾಳ್ಯಾಗ ಇಡೂ ಕಂಡಿಕಿಗೆ ನೂಲ ಸುತ್ತಾಕಿ, ಅಲ್ಲಿಂದ ಆಯಿ ತುಟಿ ಒಂದ ಮಗ್ಗಲಾ ಅಷ್ಟ ಕಾಣತಿದ್ವು, ದಿನಾ ಪೂರ್ತಿ ಆಡತಿದ್ವು, ಶಿವನಾಮ ಹೇಳ್ತಾಳ ಅನಕೊಂಡಿದ್ದೆ — ಒಂದಿನ ಪಟ್ಟನೆ ಕರೆಂಟ್ ಹೋತು, ಮಗ್ಗ ಎಲ್ಲಾ ಒಮ್ಮೆಲೆ ನಿಂತ್ವು, ಆ ಗಪ್‌ಚಿಪ್‌ನ್ಯಾಗ ಆಯಿ ಧ್ವನಿ ಅಷ್ಟ ಉಳೀತು, ಹಿತ್ತಲ ಬಾಗಿಲಕ ಅಗಳಿ ಹಾಕಿಲ್ಲವ್ವ ಅನಸವ್ವ — ಅಷ್ಟ, ಬಾಯಿ ಮುಚ್ಚಿದ್ಲು. ಮುತ್ಯಾ ತಿರುಗಿ ನೋಡ್ಲಿಲ್ಲ, ಅವನ ಮಗ್ಗ ಗ್ವಾಡಿ ಕಡೆ ಮುಖಾ ಮಾಡಿತ್ತು, ನಾಕರಾಗ ಅದೊಂದ ಹಂಗ, ಯಾಕೋ ಮುತ್ಯಾ ಅಂದ್ರ ಬೆಳಕ ಛಲೋ ಬೀಳತೈತಿ ಅಂತಿದ್ದ, ಗ್ವಾಡ್ಯಾಗ ಎಂಥಾ ಬೆಳಕೋ ಏನೋ. ಅವತ್ತಿನಿಂದ ನನಗ ಹುಚ್ಚ ಹಿಡೀತು, ಕರೆಂಟ್ ಹೋಗ್ಲಿ, ದೇವ್ರ, ಹೋಗ್ಲಿ, ಇವತ್ತೊಂದ ಸಾಲು, ಎಂಟ ದಿನಕ್ಕ ಇನ್ನೊಂದು, ನೀ ಉಣ್ಣೂ ಗಂಗಾಳ ಡಬ್ಬ ಹಾಕಿಲ್ಲವ್ವ ಅನಸವ್ವ, ಪಾಟಿ ಮ್ಯಾಲೆ ಬರಕೊಂಡೆ, ಆಮ್ಯಾಲೆ ನೋಟಬುಕ್ಕಿನ ಹಿಂದ, ಸಾಲಿ ಮುಗಿಯೂದ್ರಾಗ ಹನ್ನೊಂದ ಸಾಲ ಸಿಕ್ಕಿದ್ವು, ನಡುವಿನ ಎರಡ ಸಿಗಲೇ ಇಲ್ಲ, ಅವನ್ನ ನಾನ ಬರದೆ, ನಿಮ್ಮಪ್ಪನ ಎದಿ ಕಲ್ಲವ್ವ, ಕಲ್ಲು ಕರಗೂದಿಲ್ಲವ್ವ. ಬರದಾಗ ಖುಷಿ ಆಗಿತ್ತು, ಸುಳ್ಳ ಯಾಕ ಹೇಳ್ಲಿ, ಸತ್ತ ಮುತ್ಯಾಗ ನಾಕ ಮಂದಿ ಮುಂದ ಬೈದಂಗ. ಅದ ಏಳನೇ ಹಾಡು, ಹಿಂದ ಮಗ್ಗದ ಸಪ್ಪಳ ಇಟ್ಟ ಹಾಡೇನಿ, ಖಟಖಟ ತಗದ ಬಿಡ್ತೇನ್ರಿ, ಮಾತ ಸ್ವಚ್ಛ ಕೇಳ್ತಾವ, ಅಂದ ಈಶ್ವರ, ಅಂದಿದ್ದ ತಡ ನನಗ ನಿದ್ದಿ ಹಾರಿ ಹೋತು — ಯಾರಿಗೂ ಕೇಳಬಾರ್ದಂತ ಆಯಿ ಆ ಸಪ್ಪಳದ ಮರೆಗೆ ನಿಂತು ಹಾಡಿದ್ದನ್ನ ನಾ ಸಪ್ಪಳ ತಗದು ಊರಿಗೆ ಕೇಳಸಾಕತ್ತೇನಿ, ಇದು ಕಳವು ಅಲ್ಲೇನ, ಅಲ್ಲ, ಅನಸವ್ವ ಅತ್ತಿ ಎಲ್ಲ್ಯಾರ ಬದುಕಿದ್ರ, ಯಾರದರ ಫೋನಿನ್ಯಾಗ ಕೇಳಿದ್ರ, ಅಗಳಿ ಹಾಕಿಲ್ಲ ಅಂತ ತಿಳದ್ರ, ಬಂದ್ರ — ಕಂಡಕ್ಟರ್ ಕೂಗಾಕತ್ತಾನ, ಬನಹಟ್ಟಿ ಇಳಕೊಳ್ರಿ.

ಊಟದ ಹೊತ್ತು, ಮಗ್ಗ ನಿಂತಾವ, ಕಾಕಾ ರೊಟ್ಟಿ ಮುರ್ಯಾಕತ್ತಾನ, ನನ್ನ ನೋಡಿ ಬಂದ್ಯಾ ಅಂದ, ಬಾ ಅನ್ನಲಿಲ್ಲ. ಆಯಿಗೆ ಈಗ ಕಿವಿ ಪೂರ್ತಿ ಹೋಗ್ಯಾವ, ನಲವತ್ತ ವರ್ಷದ ಸಪ್ಪಳ ತಿಂದಾವ, ಖರೆ ಈ ಮನ್ಯಾಗ ಹುಟ್ಟಿದವ್ರಿಗೆ, ಬಂದವ್ರಿಗೆ, ಎಲ್ಲಾರಿಗೂ ತುಟಿ ನೋಡಿ ಮಾತ ತಿಳ್ಯಾಕ ಬರತೈತಿ, ಮಗ್ಗದ ಆ ಕಡಿಂದ ಈ ಕಡಿಗೆ ಜಗಳ ಸೈತ ತುಟಿಲೇ ಆಗತಿದ್ವು, ಅದಕ್ಕ ಆಕಿ ಮುಂದ ಕುಂತೆ, ಧ್ವನಿ ತಗೀದ ಬರೇ ತುಟಿಲೇ ಹಾಡಿದೆ, ಅಗಳಿ, ಗಂಗಾಳ — ಆಯಿ ಕಣ್ಣ ಮಿಟಕಸಲಿಲ್ಲ — ನಿಮ್ಮಪ್ಪನ ಎದಿ ಕಲ್ಲವ್ವ ಅನ್ನೂದ್ರಾಗ ಆಕಿ ಕೈ ಬಂದು ನನ್ನ ಬಾಯಿ ಮುಚ್ಚತು, ನೂಲಿನ ಗಂಜಿ ವಾಸನಿ, ಬಿರಸ ಕೈ, ಯಾರ ಹೇಳ್ಯಾರ ನಿನಗ ಇದನ್ನ, ಅಂದ್ಲು ಜೋರಲೇ, ಕಿವುಡರ ಧ್ವನಿ, ಕೈ ಸರಿಸಿ ಅಂದೆ, ನಾನ ಬರದೆ ಬೇ, ತಪ್ಪಾತೇನ. ಆಯಿ ಕಾಕಾನ ಕಡೆ ನೋಡಿದ್ಲು, ಮುರಗೂ, ಮಗ್ಗ ಚಾಲೂ ಮಾಡು. ಊಟ ಆಗ್ಲಿ ಯವ್ವಾ. ಮಾಡಂದೆನಲ್ಲೋ. ಕಾಕಾ ಎಂಜಲಗೈಲೇ ಎದ್ದ, ನಾಕೂ ಮಗ್ಗದ ಸ್ವಿಚ್ ಹಾಕಿದ, ನೆಲ ನಡಗತು, ಆಮ್ಯಾಲೆ ತನ್ನ ಮಗ್ಗಕ್ಕ ಹೋಗ್ಲಿಲ್ಲ, ಮುತ್ಯಾನ ಮಗ್ಗಕ್ಕ ಹೋದ, ಗ್ವಾಡಿಗೆ ಮುಖಾ ಮಾಡಿ ನಿಂತ, ನಮಗ ಬೆನ್ನ, ನಾ ಅಷ್ಟ ಉಳದೆ ನೋಡಾಕಿ, ಆಯಿ ಎದ್ದ ನಿಂತು ನನ್ನ ಕಡೆ ತಿರುಗಿ ಹಾಡಾಕತ್ತಾಳ, ಒಂದೂ ಕೇಳವಲ್ಲದು, ತುಟಿ ಓದಾಕತ್ತೇನಿ, ಅಗಳಿ, ಗಂಗಾಳ, ಇಲ್ಲಿ, ಇಲ್ಲೇ ಆ ಸಿಗದ ಸಾಲು, ನಿಮ್ಮಪ್ಪ ಮಗ್ಗ ಕಿತ್ತಿಸಿ ಗ್ವಾಡಿಗೆ ಹಚ್ಯಾನವ್ವ, ತನಗ ನನ್ನ ತುಟಿ ಕಾಣಬಾರ್ದಂತ, ನಾ ನಿನ್ನ ಕರೀಲಂತ — ಅಯ್ಯ ಮುತ್ಯಾ. ಅಯ್ಯ ನನ್ನ ಕೈ ಮುರೀಲಿ, ಏನ ಬರದೆನೋ ನಿನಗ. ಫೋನ್ ನಡಗಾಕತ್ತೈತಿ, ಈಶ್ವರನ ಮೆಸೇಜ್, ಹೂಂ ಏನ್ರೀ, ಊಹೂಂ ಈಶ್ವರ, ಊಹೂಂ, ಬರದ ಕಳಿಸಿದೆ, ಆಯಿ ಕಣ್ಣ ಮುಚ್ಯಾಳ, ಇನ್ನೂ ಹಾಡಾಕತ್ತಾಳ, ಹನ್ನೊಂದಲ್ಲ, ಹದಿಮೂರಲ್ಲ, ಎಷ್ಟೋ ಸಾಲ ಅದಾವ, ಮ್ಯಾಲೆ ಬಲ್ಬ್ ಒಮ್ಮೆ ಸಣ್ಣಾತು, ದೇವ್ರ, ಹೋಗಬ್ಯಾಡ, ಕರೆಂಟ್ ಹೋಗಬ್ಯಾಡ, ಆಯಿ ತುಟಿ, ಇವತ್ತೊಂದಿನ ಹೋಗಬ್ಯಾಡ, ಕಾಕಾನ ಬೆನ್ನ, ಆಯಿ ತುಟಿ, ಆಯಿ ತುಟಿ —