ಖಂಡೇನವಮಿಗೆ ತೊಳೆದ ಲೆಕ್ಕ

“ಯಪ್ಪಾ, ಇನ್ನ ನೀರಿನ ಸಲುವಾಗಿ ಯಾರ ತಲಿನೂ ಒಡೀಗೊಡಂಗಿಲ್ಲ ನಾನು” ಎಂದು ನಿರ್ಮಲಾ ಮಾತು ಕೊಟ್ಟಾಗ ಅವಳಿನ್ನೂ ಸಾಲಿಗೆ ಹೋಗುವ ಹುಡುಗಿ. ವಿಜಯಪುರದ ದವಾಖಾನೆಯಲ್ಲಿ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಪ್ಪ ಸಿದ್ದರಾಯ ನೋವಿನಲ್ಲೂ ನಕ್ಕಿದ್ದ. ತಮ್ಮೂರು ಕಳ್ಳಕವಟಗಿಯ ಹೊಲಗಳಿಗೆ ನೀರು ಬಿಡುವ ಪಾಳಿಯಲ್ಲಿ ಜಗಳ ಹತ್ತಿ, ಪಕ್ಕದ ಹೊಲದ ಶಂಕ್ರೆಪ್ಪನ ಸಲಿಕೆ ಅವನ ನೆತ್ತಿಗೆ ಬಿದ್ದಿತ್ತು.

ಆ ಹುಡುಗಿ ಈಗ ವಿಜಯಪುರದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾಳೆ. ಕೆರೆಯ ಪೈಪಿನ ನೀರು ಯಾರ ಹೊಲಕ್ಕೆ ಯಾವಾಗ, ಎಷ್ಟು ಹೊತ್ತು ಎಂದು ಹಂಚುವ ಪ್ರೋಗ್ರಾಂ ಅವಳೇ ಬರೆದದ್ದು. ಬೆಳೆ, ನೆಲ, ದೂರ ಎಲ್ಲವನ್ನೂ ತೂಗಿನೋಡುವ ಕಷ್ಟದ ಲೆಕ್ಕವನ್ನು ಒಂದು ಗಣಿತದ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂಗಳ ಕಂತೆ, ಮಾಡಿಕೊಡುತ್ತಿತ್ತು. ಕಂಪ್ಯೂಟರಿಗೆ ಬೀಗರೂ ಇಲ್ಲ, ಅಣ್ತಮ್ಮರೂ ಇಲ್ಲ ಎಂದು ಊರು ಆ ಪಾಳಿಯನ್ನು ಒಪ್ಪಿಕೊಂಡಿತ್ತು.

ಈ ದಸರೆಗೆ ತವರಿಗೆ ಬಂದವಳು, ಖಂಡೇನವಮಿಯ ಆಯುಧಪೂಜೆಯ ದಿನ ಅಪ್ಪ ಸಲಿಕೆ, ಕುಡಗೋಲು ತಿಕ್ಕಿ ತೊಳೆಯುವುದನ್ನು ಕಂಡು ಹುರುಪುಗೊಂಡಳು. ತನ್ನ ಲ್ಯಾಪ್‌ಟಾಪೂ ಆಯುಧವೇ ಅಲ್ಲವೇ? ಒಳಗೂ ತೊಳೆದುಬಿಡೋಣ ಎಂದು ಆದೇಶ ಟೈಪಿಸುವ ಕಮಾಂಡ್ ಲೈನಿನ ಕಪ್ಪು ಪರದೆ ತೆರೆದು, ಇದ್ದಬದ್ದ ಲೈಬ್ರರಿಗಳನ್ನೆಲ್ಲ ಹೊಸದು ಮಾಡಿದಳು. ಆಮೇಲೆ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ ಸಲಿಕೆಯ ಪಕ್ಕ ಪೂಜೆಗಿಟ್ಟಳು.

ಮರುದಿನ ಸಂಜೆ ಬನ್ನಿ ಕೊಟ್ಟು ತಗೊಂಡ ಮೇಲೆ ಹಿಂಗಾರಿಯ ಮೊದಲ ನೀರು ಬಿಡಬೇಕು. ಮಧ್ಯಾಹ್ನ ಪ್ರೋಗ್ರಾಂ ಓಡಿಸಿದರೆ ಪಾಳಿಯ ಬದಲು ಕೆಂಪಕ್ಷರ ಬಂತು. ಅವಳು ಕೇಳಿದ ಲೆಕ್ಕದ ವಿಧಾನವನ್ನು ಈ ಹೊಸ ಆವೃತ್ತಿಯಿಂದ ತೆಗೆದುಹಾಕಲಾಗಿದೆಯಂತೆ.

“ತೊಳ್ಯಾಕ ಹೋಗಿ ಹಿಡಿಕಿನ ಕಿತ್ತಿಯೇನವಾ?” ಎಂದಳು ಅವ್ವ ಮಲಕವ್ವ.

“ಹಂಗ ಆಗೇತಿ ಬೇ.”

ಅಷ್ಟರಲ್ಲಿ ಬಾಗಿಲಿಗೆ ಶಂಕ್ರೆಪ್ಪನೇ ಬಂದ. “ಪಾಳಿ ಬಂತೇನವಾ ನಿರ್ಮಲಾ?”

“ಒಂಚೂರು ತಡೀರಿ ಕಾಕಾ.”

“ಬನ್ನಿ ಕೊಡೂದ್ರಾಗ ಬರಲಿಲ್ಲಂದ್ರ ಪೈಪಿನ ವಾಲ್ ನಾನ ತಿರುವತೀನಿ. ಯಾವ ಮಗ ಅಡ್ಡ ಬರ್ತಾನ ನೋಡೂಣು!”

ಕಟ್ಟೆಯ ಮೇಲಿದ್ದ ಸಿದ್ದರಾಯನ ಕೈ ನೆತ್ತಿಯ ಹಳೆಯ ಗಾಯಕ್ಕೆ ಹೋಯಿತು. ಅದನ್ನು ನಿರ್ಮಲಾ ಕಂಡಳು.

ಹೊಸ ಲೈಬ್ರರಿಯನ್ನು ಕಿತ್ತು, ಅದಕ್ಕಿಂತ ಹಿಂದಿನದನ್ನು ಹಾಕು ಎಂದು ಟೈಪಿಸಿದಳು. ಹಳೆಯದು ಬಂತು, ಆದರೆ ಹೊಸದನ್ನೇ ನೆಚ್ಚಿದ್ದ ನಕ್ಷೆ ಬಿಡಿಸುವ ಲೈಬ್ರರಿ ಮುನಿಸಿಕೊಂಡಿತು. ಅದನ್ನು ಸಮಾಧಾನ ಮಾಡಿದರೆ ಇನ್ನೊಂದು. ಅಣ್ಣ ಬಂದರೆ ತಮ್ಮ ಬರಲೊಲ್ಲ. ಕಡೆಗೆ ನಿರ್ಮಲಾ ರಾಜಿ ಪಂಚಾಯಿತಿಯನ್ನೇ ಬಿಟ್ಟು, ಲ್ಯಾಪ್‌ಟಾಪಿನೊಳಗೇ ಬೇರೊಂದು ಖಾಲಿ ಜಾಗ ತೆರೆಯುವ ಆದೇಶ ಕೊಟ್ಟಳು.

“ಈಗೇನ ಮಾಡಾಕತ್ತೀ?” ಅವ್ವ ಕೇಳಿದಳು.

“ಬ್ಯಾರಿ ಒಲಿ ಹೂಡಾಕತ್ತೇನಿ ಬೇ. ಇವು ಕೂಡಿ ಬಾಳಂಗಿಲ್ಲ. ಹಳೇದಕ್ಕ ಹಳೇ ಜೋಡಿನ ಕೊಟ್ಟು ಬ್ಯಾರೆ ಕೋಣ್ಯಾಗ ಇಡತೀನಿ.”

“ಕಂಪ್ಯೂಟರದಾಗ ಹೂಡು ತಾಯಿ, ನಿಮ್ಮತ್ತಿ ಮನ್ಯಾಗ ಬ್ಯಾಡ!”

ನಗುತ್ತಲೇ ಬೇಕಾದ ಲೈಬ್ರರಿಗಳನ್ನೆಲ್ಲ ಒಂದೇ ಸಾಲಿನಲ್ಲಿ ಕರೆದಳು. ಗಣಿತದ್ದಕ್ಕೆ ಮಾತ್ರ ‘ಇದಕ್ಕಿಂತ ಹೊಸದು ಬೇಡ’ ಎಂಬ ಬೇಲಿ ಹಾಕಿದಳು. ಒಂದಕ್ಕೊಂದು ಹೊಂದುವವು ತಾವಾಗಿಯೇ ಬಂದು ಕೂತವು. ಮತ್ತೆ ಪ್ರೋಗ್ರಾಂ ಓಡಿಸಿದಳು. ಸಾಲುಸಾಲಾಗಿ ಹೆಸರುಗಳು ಇಳಿದವು.

“ಬಂತು! ಯಪ್ಪಾ, ಪಾಳಿ ಬಂತು!” ಎಂಬ ಕೂಗಿಗೆ ಅಂಗಳದ ಕೋಳಿ ಹಾರಿದವು.

ಶಂಕ್ರೆಪ್ಪ ಪರದೆಗೆ ಮೂಗು ಹಚ್ಚಿದ. “ನಂದು ಕಡೀಕೈತಲ್ಲವಾ!”

“ನಿಮ್ದು ಎರಿ ಹೊಲ ಕಾಕಾ, ಕರಿ ಮಣ್ಣು. ಇನ್ನೂ ಹಸಿ ಐತಿಲ್ಲೋ?”

ಅವನು ತಲೆ ಕೆರೆದುಕೊಂಡ. “ಐತಿ, ಐತಿ. ಖೊಟ್ಟಿ ಹ್ಯಾಂಗ ಹೇಳ್ಲಿ?”

ಸಂಜೆ ಮೊದಲ ಬನ್ನಿಯನ್ನು ಅವನು ಸಿದ್ದರಾಯನ ಕೈಗಿಟ್ಟ. “ಬನ್ನಿ ತಗೊಂಡು ಬಂಗಾರದಂಗ ಇರೂಣು.”

ವಾಲ್ ಪಾಳಿಯಂತೆಯೇ ತಿರುಗಿತು. ಯಾರ ತಲೆಯೂ ಒಡೆಯಲಿಲ್ಲ. ನಿರ್ಮಲಾ ಕೊಟ್ಟ ಮಾತು ನಡೆಸಿದಳು.